ಹಿರಿಯರು ನೆಟ್ಟ ಚಹದ ಕಾಡು

ನಮ್ಮಲ್ಲಿ ಧಾರವಾಡದ ಕಡೆಯವರು ಚಹ ಎನ್ನುವರು. ಮೈಸೂರಿನ ಕಡೆಯವರು ಟೀ ಎನ್ನುವರು. ಎರಡೂ ಚೀನಾ ದೇಶದ ಮಾತುಗಳೇ. ಅಲ್ಲಿಯ ಬಹುಪಾಲು ಸೀಮೆಗಳಲ್ಲಿ ‘ಛಾ’ ಎಂದೂ, ಫೂಜಿಯನ್ ಕರಾವಳಿಯಲ್ಲಿ ‘ತೆ’ ಎಂದೂ ಹೇಳುವುದರಿಂದ, ಸರಕು ಯಾವ ದಾರಿಯಿಂದ ಹೊರಟಿತೋ ಆ ದಾರಿಯ ಹೆಸರನ್ನೇ ಹೊತ್ತು ಲೋಕವನ್ನು ಸುತ್ತಿತು. ದಿನಕ್ಕೆ ಎರಡು ಸಲವಾದರೂ ಬಾಯಿಗಿಡುವ ಈ ವಸ್ತುವಿನ ಹೆಸರು ಪರದೇಶದ್ದೆಂಬುದನ್ನು ನಾವು ಮರೆತಿರುವಂತೆಯೇ, ಅದು ಒಂದು ಮರದ ಎಲೆ ಎಂಬುದನ್ನೂ ಮರೆತಿದ್ದೇವೆ. ನೀಲಗಿರಿಯ ಇಳಿಜಾರುಗಳಲ್ಲಿ ಸೊಂಟದೆತ್ತರಕ್ಕೆ ಕತ್ತರಿಸಿ ಹಸುರು ಜಮಖಾನೆಯಂತೆ ಮಾಡಿಟ್ಟ ಗಿಡಗಳನ್ನು ಕಂಡವರು, ಚಹವೆಂದರೆ ಒಂದು ಪೊದೆಯೆಂದೇ ಎಣಿಸುವರು. ನಾನೂ ಹಾಗೆಯೇ ಎಣಿಸಿದ್ದೆನು. ಕತ್ತರಿ ತಾಗಿಸದೆ ಬಿಟ್ಟರೆ ಅದು ಮನೆಯ ಮಾಡನ್ನು ಮೀರಿ ಬೆಳೆಯುವ ಮರವೆಂಬುದನ್ನು ಕಣ್ಣಾರೆ ಕಂಡದ್ದು, ಚೀನಾ ದೇಶದ ನೈಋತ್ಯದ ಮೂಲೆಯಾದ ಯುನ್ನಾನ್ ಪ್ರಾಂತದ ಜಿಂಗ್‌ಮೈ ಬೆಟ್ಟದಲ್ಲಿ.

ನಾನೂ ನನ್ನ ಮಡದಿಯೂ ವಸಂತಕಾಲದಲ್ಲಿ ಅಲ್ಲಿಗೆ ಹೋಗಿದ್ದೆವು. ಪ್ರಾಂತದ ರಾಜಧಾನಿಯಾದ ಕುನ್‌ಮಿಂಗ್ ನಗರದಿಂದ ಲಾವೋಸ್ ದೇಶಕ್ಕೆ 2021ರ ಡಿಸೆಂಬರಿನಲ್ಲಿ ತೆರೆದ ರೈಲುದಾರಿಯೊಂದುಂಟು. ಅದು ಬೆಟ್ಟಗಳ ಹೊಟ್ಟೆಯನ್ನು ಕೊರೆದುಕೊಂಡು ತೆಂಕಣಕ್ಕೆ ಸಾಗುವುದು. ಒಂದು ಸುರಂಗದಿಂದ ಹೊರಬಂದು ಕಣ್ಣು ಬಿಡುವಷ್ಟರಲ್ಲಿ ಮತ್ತೊಂದು ಸುರಂಗ. ಪುಅರ್ ಎಂಬ ಊರಿನಲ್ಲಿ ಇಳಿದೆವು. ಈ ಊರಿಗೆ 2007ರವರೆಗೆ ಸಿಮಾವೊ ಎಂದು ಹೆಸರಿದ್ದಿತು. ಪುಅರ್ ಚಹದ ಕೀರ್ತಿ ಹೆಚ್ಚಿದ ಮೇಲೆ ಊರೇ ಚಹದ ಹೆಸರನ್ನು ತಳೆಯಿತು. ಮೊದಲು ಸಂತೆಯೂರಿನಿಂದ ಸರಕಿಗೆ ಹೆಸರು ಬಂದಿತ್ತು. ಈಗ ಸರಕಿನಿಂದ ಊರಿಗೆ ಬಂದಿತು. ಅಲ್ಲಿಂದ ಮುಂದೆ ಮೋಟಾರಿನ ದಾರಿ. ಮೆಕಾಂಗ್ ಎಂದು ಲೋಕಪ್ರಸಿದ್ಧವಾದ ಮಹಾನದಿಯನ್ನು ಅಲ್ಲಿಯವರು ಲಾನ್‌ತ್ಸಾಂಗ್ ಎನ್ನುವರು. ಅದನ್ನು ದಾಟಿ ಬರ್ಮಾ ಗಡಿಯ ಕಡೆಗೆ ಸಾಗಿದರೆ, ಕಲ್ಲು ಹಾಸಿದ ದಾರಿಯೊಂದು ಸುತ್ತಿ ಸುತ್ತಿ ಜಿಂಗ್‌ಮೈಯನ್ನು ಏರುವುದು.

ಹೊರಡುವ ಮುನ್ನ ಕುನ್‌ಮಿಂಗಿನಲ್ಲಿ ನಾನೊಂದು ಜಾಣತನವನ್ನು ಮಾಡಿದ್ದೆನು. ಅಂಗಡಿಯೊಂದರಲ್ಲಿ, ಸಾವಿರ ವರುಷದ ಮರದ ಎಲೆಯೆಂದು ಹೊಗಳಿ ಕೊಟ್ಟ ಚಹದ ಬಿಲ್ಲೆಯನ್ನು ದುಬಾರಿ ಹಣ ತೆತ್ತು ಕೊಂಡು, ಪೆಟ್ಟಿಗೆಯ ತಳದಲ್ಲಿ ಭದ್ರವಾಗಿ ಇಟ್ಟಿದ್ದೆನು. ಅದರ ಫಲವನ್ನು ಮುಂದೆ ಹೇಳುವೆನು.

ಬೆಟ್ಟವನ್ನೇರಿದಾಗ ಮೊದಲು ಚಹದ ತೋಟವೆಲ್ಲಿ ಎಂದೇ ಕೇಳಿದೆವು. ಏಕೆಂದರೆ ನಮ್ಮ ಕಣ್ಣಿಗೆ ಕಂಡುದು ಬರಿಯ ಕಾಡು. ಮೇಲೆ ಮುಗಿಲನ್ನು ಮುಟ್ಟುವಂತಹ ಹೆಮ್ಮರಗಳು. ನಡುವೆ ಹಾವಸೆ ಹಿಡಿದ, ಗಂಟುಗಂಟಾದ ಕೊಂಬೆಗಳ ನಡುಮಟ್ಟದ ಮರಗಳು. ಕೆಳಗೆ ಹುಲ್ಲು, ಜರಿಗಿಡ, ಮದ್ದಿನ ಬೇರುಗಳು. ಆ ನಡುಮಟ್ಟದ ಮರಗಳೇ ಚಹ! ನಮ್ಮ ಮಲೆನಾಡಿನಲ್ಲಿ ನೆರಳುಮರಗಳ ಕೆಳಗೆ ಕಾಫಿಯನ್ನು ಬೆಳೆಸುವ ರೀತಿಯನ್ನು ಕಂಡವರಿಗೆ ಇದು ತಟ್ಟನೆ ಅರ್ಥವಾಗುವುದು. ಹತ್ತನೆಯ ಶತಮಾನದ ಹೊತ್ತಿಗೆ ಇಲ್ಲಿಗೆ ವಲಸೆ ಬಂದ ಬ್ಲಾಂಗ್ ಜನರು ಕಾಡಿನಲ್ಲಿ ಚಹದ ಮರಗಳನ್ನು ಕಂಡು, ಕಾಡನ್ನು ಕಡಿಯದೆ ಅಲ್ಪಸ್ವಲ್ಪ ಬಯಲು ಮಾಡಿ, ನೆರಳಿನಲ್ಲಿಯೇ ಚಹವನ್ನು ನೆಡುವ ಪದ್ಧತಿಯನ್ನು ರೂಢಿಸಿದರು. ತರುವಾಯ ದಾಯ್ ಜನರೂ ಬಂದು ನೆಲೆಸಿದರು. ಹೀಗೆ ಬೆಳೆದ ಹಳೆಯ ಚಹದ ಕಾಡು ಈಗಲೂ ಸಾವಿರ ಹೆಕ್ಟೇರಿಗೆ ಮಿಕ್ಕಿ ಉಳಿದಿದೆ. ಒಂದು ಚಹದ ಕಾಡಿಗೂ ಮತ್ತೊಂದಕ್ಕೂ ನಡುವೆ ಗಾಳಿಯನ್ನೂ ರೋಗವನ್ನೂ ತಡೆಯಲೆಂದು ಮುಟ್ಟದ ಅಡವಿಯನ್ನು ಬಿಟ್ಟಿರುವರು. ಗೊಬ್ಬರ ಹಾಕುವವರಿಲ್ಲ, ಉದುರಿದ ತರಗೇ ಗೊಬ್ಬರ. ಹುಳುವಿಗೆ ಮದ್ದು ಹೊಡೆಯುವವರಿಲ್ಲ. ಜೇಡವೂ ಹಕ್ಕಿಯೂ ಆ ಕೆಲಸವನ್ನು ವಹಿಸಿಕೊಂಡಿವೆ. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ಸಂಸ್ಥೆಯವರು ಈ ಬೆಟ್ಟವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದರು.

ನಾವು ಇಳಿದುಕೊಂಡದ್ದು ವೆಂಗ್‌ಜಿ ಎಂಬ ಬ್ಲಾಂಗ್ ಹಳ್ಳಿಯ ಒಂದು ಮನೆಯಲ್ಲಿ. ಕಂಬಗಳ ಮೇಲೆ ನಿಲ್ಲಿಸಿದ ಮರದ ಮನೆ. ಕೆಳಗೆ ಸೌದೆ ಸಾಮಾನು, ಮೇಲೆ ವಾಸ, ನಡುವೆ ಒಲೆ. ಮಾಡಿನ ತುದಿಯಲ್ಲಿ ಮರದಿಂದ ಕೆತ್ತಿದ ಒಂದು ಕುಡಿ, ಎರಡು ಎಲೆ. ನಮ್ಮ ಮನೆಗಳ ಬಾಗಿಲಿಗೆ ಮಾವಿನ ತೋರಣವಿರುವಂತೆ ಅವರ ಮಾಡಿಗೆ ಚಹದ ಚಿಗುರು. ಮನೆಯ ಯಜಮಾನಿಯು ಎಪ್ಪತ್ತು ದಾಟಿದ ಅಜ್ಜಿ. ಅವರ ಮಾತು ನಮಗೆ ತಿಳಿಯದು, ನಮ್ಮದು ಅವರಿಗೆ ತಿಳಿಯದು. ಕುನ್‌ಮಿಂಗಿನಲ್ಲಿ ಓದಿ, ಎಲೆ ಕೊಯ್ಯುವ ಕಾಲಕ್ಕೆಂದು ಊರಿಗೆ ಬಂದಿದ್ದ ಅವರ ಮೊಮ್ಮಗಳು ನಮಗೆ ದುಭಾಷಿಯಾದಳು.

ಬ್ಲಾಂಗರೂ ದಾಯ್ ಜನರೂ ಬುದ್ಧನ ಮತಕ್ಕೆ ಸೇರಿದವರು. ಸಿಂಹಳ, ಸಯಾಂ ದೇಶಗಳಲ್ಲಿರುವ ಥೇರವಾದವೇ ಇಲ್ಲಿಯದೂ. ದಾಯ್ ಜನರ ಗುಡಿಗಳಲ್ಲಿ ಓದುವ ಲಿಪಿಯು ನಮ್ಮ ಕನ್ನಡ ಲಿಪಿಯಂತೆಯೇ ಬ್ರಾಹ್ಮಿಯ ಸಂತಾನ. ಅವರ ಹೊಸವರುಷದ ಹಬ್ಬವು ಏಪ್ರಿಲ್ ತಿಂಗಳ ನಡುವೆ, ನಮ್ಮ ತುಳುನಾಡಿನವರು ಬಿಸು ಆಚರಿಸುವ ದಿನಗಳಲ್ಲಿಯೇ ಬರುವುದು. ಸಯಾಮಿನವರು ಅದನ್ನು ಸೋಂಗ್‌ಕ್ರಾನ್ ಎನ್ನುವರು. ಅದು ಸಂಕ್ರಾಂತಿಯೆಂಬ ನಮ್ಮ ಮಾತೇ. ಇಷ್ಟು ದೂರ ಬಂದು ಮನೆಯ ನಂಟನ್ನು ಕಂಡಂತಾಯಿತೆಂದು ನನ್ನ ಮಡದಿ ಹಿಗ್ಗಿದಳು.

ಆ ಹಬ್ಬದ ದಿನಗಳಲ್ಲಿ ಬ್ಲಾಂಗರು ತಮ್ಮ ಚಹದ ಮೂಲಪುರುಷನನ್ನೂ ಪೂಜಿಸುವರು. ಆತನ ಹೆಸರು ಪಾ ಐಲೆಂಗ್. ಅಂತ್ಯಕಾಲದಲ್ಲಿ ಆತನು ತನ್ನವರಿಗೆ ಏನನ್ನು ಬಿಟ್ಟುಹೋಗಲಿ ಎಂದು ಚಿಂತಿಸಿದನಂತೆ. ದನಕರುಗಳನ್ನು ಬಿಟ್ಟರೆ ಜಾಡ್ಯ ಬಂದು ಸತ್ತಾವು. ಬೆಳ್ಳಿಬಂಗಾರಗಳನ್ನು ಬಿಟ್ಟರೆ ತಿಂದು ಮುಗಿಸಿಯಾರು. ಚಹದ ಮರವನ್ನು ಬಿಟ್ಟರೆ ಮಕ್ಕಳ ಮಕ್ಕಳಿಗೂ ಆದೀತು ಎಂದು ಮರಗಳನ್ನೇ ಬಿಟ್ಟುಹೋದನೆಂದು ಐತಿಹ್ಯ. ಇದಕ್ಕೆ ಗುರುತಾಗಿ, ಮನೆಮನೆಯವರ ಚಹದ ಪಾಲಿನಲ್ಲಿಯೂ ಒಂದು ಮರವನ್ನು ಜೀವದ ಮರವೆಂದು ಎಣಿಸಿ, ಕೊಯ್ಲಿಗೆ ಮೊದಲು ಅದಕ್ಕೆ ಕೈಮುಗಿಯುವರು. ಅಜ್ಜಿಯು ತಮ್ಮ ಪಾಲಿನ ಆ ಮರವನ್ನು ನಮಗೆ ತೋರಿಸಿದರು. ಬುಡದಲ್ಲಿ ಒಂದು ಕಂಬ, ಒಂದಿಷ್ಟು ಅನ್ನ, ಕರಗಿದ ಮೇಣದ ಬತ್ತಿ. “ಇದಕ್ಕೆ ಎಷ್ಟು ವರುಷ?” ಎಂದು ನಾನು ಕೇಳಿದೆನು. ಅಜ್ಜಿಯು ನಕ್ಕು, “ನಾನು ಮದುವೆಯಾಗಿ ಬಂದಾಗ ನಮ್ಮತ್ತೆಯವರೂ ಇದನ್ನು ಮುದಿಮರವೆಂದೇ ಕರೆಯುತ್ತಿದ್ದರು” ಎಂದರು. ಸುತ್ತಳತೆಯನ್ನು ನೋಡಿ ಮರದ ವಯಸ್ಸನ್ನು ಊಹಿಸುವರೇ ಹೊರತು, ಕಾಂಡವನ್ನು ಕೊರೆಯದೆ ಒಳಗಿನ ಬಳೆಗಳನ್ನು ಎಣಿಸುವಂತಿಲ್ಲ. ಬುಡದಿಂದ ಮತ್ತೆ ಚಿಗುರಿದ ಮರವಾದರೆ ಊಹೆಯೂ ಕಠಿನ. ಆದುದರಿಂದ ಕಾಗದದ ಮೇಲೆ ಅಚ್ಚಾದ ಸಾವಿರ, ಎರಡು ಸಾವಿರ ಎಂಬ ಅಂಕಿಗಳನ್ನು ಎಚ್ಚರದಿಂದ ನೋಡತಕ್ಕದ್ದು.

ಕೊಯ್ಲು ಬೆಳಗ್ಗೆ ಆರಂಭವಾಗುವುದು. ಬಗಲಿಗೆ ಬಿದಿರ ಬುಟ್ಟಿ ತೂಗಿಕೊಂಡು ಹೆಂಗಸರು ಮರವನ್ನೇ ಏರುವರು. ಒಂದು ಕುಡಿ, ಎರಡು ಎಲೆಯನ್ನು ಬೆರಳಿನಿಂದ ಚಿವುಟುವರು. ತಂದ ಎಲೆಯನ್ನು ತಟ್ಟಿಯ ಮೇಲೆ ಹರಡಿ ಬಾಡಿಸುವರು. ಬಳಿಕ ಸೌದೆ ಒಲೆಯ ಮೇಲಿನ ದೊಡ್ಡ ಕಬ್ಬಿಣದ ಬಾಣಲೆಯಲ್ಲಿ ಹಾಕಿ ಎರಡು ಕೈಗಳಿಂದಲೂ ಎತ್ತೆತ್ತಿ ಹುರಿಯುವರು. ಮನೆಯ ಮಗನು ಆ ಕೆಲಸವನ್ನು ಮಾಡುತ್ತಿದ್ದನು. ಹಬೆಯಲ್ಲಿ ಅವನ ಮುಖವೇ ಕಾಣದು. ಈ ಹುರಿತದಲ್ಲಿಯೇ ಗುಟ್ಟಿರುವುದು. ಹಸುರು ಚಹಕ್ಕೆ ಎಲೆಯೊಳಗಿನ ಕ್ರಿಯೆಯನ್ನು ಬಿಸಿಯಿಂದ ಪೂರ್ತಿ ನಿಲ್ಲಿಸಿಬಿಡುವರು. ಇಲ್ಲಿ ಅಷ್ಟು ಬಿರುಸಾಗಿ ಹುರಿಯದೆ, ಸ್ವಲ್ಪ ಜೀವವನ್ನು ಉಳಿಸುವರು. ಆಮೇಲೆ ಎಲೆಯನ್ನು ಅಂಗೈಯಿಂದ ಹೊಸೆದು ಬಿಸಿಲಿನಲ್ಲಿ ಒಣಗಿಸುವರು. ಯಂತ್ರದ ಕಾವಿನಲ್ಲಿ ಒಣಗಿಸಿದರೆ ಅದು ಪುಅರ್ ಆಗದು, ಬಿಸಿಲೇ ಬೇಕು. ಹೀಗೆ ಮಾಡಿದ ಎಲೆ ಸತ್ತಿರುವುದಿಲ್ಲ, ಮಲಗಿರುವುದು ಎನ್ನಬಹುದು. ಗಾಳಿಯೂ ತೇವವೂ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳೂ ಕೂಡಿ ಅದನ್ನು ವರುಷವರುಷಕ್ಕೂ ಮೆಲ್ಲಮೆಲ್ಲನೆ ಮಾರ್ಪಡಿಸುವುವು.

ಒಣಗಿದ ಎಲೆಯನ್ನು ತೂಗಿ, ಆವಿಯಲ್ಲಿ ಮೆದುಮಾಡಿ, ಬಟ್ಟೆಯ ಚೀಲದಲ್ಲಿ ಸುತ್ತಿ, ಕಲ್ಲಿನ ಅಚ್ಚಿನ ಕೆಳಗಿಟ್ಟು ಒಬ್ಬನು ಮೇಲೆ ನಿಂತು ಒತ್ತುವನು. ಗೇಣಗಲದ ಬಿಲ್ಲೆ ಸಿದ್ಧವಾಗುವುದು. ರೂಢಿಯ ತೂಕ 357 ಗ್ರಾಂ. ಇಂಥ ಏಳು ಬಿಲ್ಲೆಗಳನ್ನು ಒಂದರ ಮೇಲೊಂದಿಟ್ಟು, ಬಿದಿರ ಮೊಳಕೆಯನ್ನು ಸುತ್ತಿರುವ, ನಮ್ಮ ಅಡಕೆಯ ಹಾಳೆಯಂಥ ಒಣಪೊರೆಯಲ್ಲಿ ಕಟ್ಟಿದರೆ ಸುಮಾರು ಎರಡೂವರೆ ಕಿಲೋ ಆಗುವುದು. ಬಿಡಿ ಎಲೆಗಿಂತ ಬಿಲ್ಲೆಯು ಹೇಸರಗತ್ತೆಯ ಬೆನ್ನಿಗೆ ಅನುಕೂಲ. ಹಿಂದೆ ಈ ಬೆಟ್ಟಗಳಿಂದ ಟಿಬೆಟ್ಟಿನವರೆಗೆ ತಿಂಗಳುಗಟ್ಟಲೆ ನಡೆಯುತ್ತಿದ್ದ ವರ್ತಕರ ತಂಡಗಳು ಚಹವನ್ನು ಹೀಗೆಯೇ ಒತ್ತಿ ಹೊತ್ತವು. ಚಿಂಗ್ ಅರಸರ ಕಾಲದಲ್ಲಿ ಪುಅರ್ ಸೀಮೆಯ ಚಹ ಪೀಕಿಂಗಿನ ಅರಮನೆಗೂ ಕಪ್ಪವಾಗಿ ಹೋಗುತ್ತಿದ್ದಿತು.

ಈ ಬಗೆಯದನ್ನು ಹಸಿ ಪುಅರ್ ಎನ್ನುವರು. ಮಾಗಿದ ಪುಅರ್ ಎಂಬ ಇನ್ನೊಂದು ಬಗೆಯೂ ಉಂಟು. ವರುಷಗಟ್ಟಲೆ ಕಾಯಲಾರದವರಿಗಾಗಿ, ಎಲೆಯನ್ನು ರಾಶಿಹಾಕಿ ನೀರು ಚಿಮುಕಿಸಿ ಕೆಲವು ವಾರಗಳಲ್ಲಿಯೇ ಮಾಗಿಸುವ ಕ್ರಮವು 1973ರ ಸುಮಾರಿನಲ್ಲಿ ಕುನ್‌ಮಿಂಗಿನಲ್ಲಿ ನೆಲೆಗೊಂಡಿತು. ಅದು ಕಪ್ಪಗೆ, ಮೃದುವಾಗಿ, ಮಣ್ಣಿನ ಕಂಪಿನಿಂದ ಕೂಡಿರುವುದು. ಹಸಿಯದು ಹೊಸದರಲ್ಲಿ ಬಂಗಾರದ ಬಣ್ಣದ್ದು, ಕಹಿ, ಒಗರು.

ಆ ರಾತ್ರಿ ಅಜ್ಜಿಯು ಒಲೆಯ ಬಳಿ ನಮಗೆ ಹೊಸ ಎಲೆಯ ಚಹವನ್ನು ಕೊಟ್ಟರು. ಮೊದಲ ಗುಟುಕಿಗೆ ನನ್ನ ಮುಖ ಸಿಂಡರಿಸಿತು. ಅರೆಗಳಿಗೆ ಕಳೆದ ಮೇಲೆ ಗಂಟಲಿನ ಬುಡದಿಂದ ಒಂದು ತಂಪಾದ ಸಿಹಿ ಮೇಲಕ್ಕೆ ಬಂದಿತು. “ನೆಲ್ಲಿಕಾಯಿ ತಿಂದು ನೀರು ಕುಡಿದ ಹಾಗಿದೆ” ಎಂದಳು ನನ್ನ ಮಡದಿ. ಅದಕ್ಕಿಂತ ಸರಿಯಾದ ವರ್ಣನೆಯನ್ನು ನಾನು ಕೇಳಿಲ್ಲ. ಬ್ಲಾಂಗರು ಎಲೆಯನ್ನು ಬೇಯಿಸಿ, ಬಿದಿರಿನ ಗಳದಲ್ಲಿ ತುಂಬಿ ನೆಲದಲ್ಲಿ ಹುಗಿದು ಹುಳಿಮಾಡಿ ಉಪ್ಪಿನಕಾಯಂತೆ ಮೆಲ್ಲುವುದೂ ಉಂಟು. ಅದು ನನ್ನ ಮಡದಿಗೆ ಚಹಕ್ಕಿಂತಲೂ ಹೆಚ್ಚು ಒಪ್ಪಿತು.

ಆಗ ನಾನು ಕುನ್‌ಮಿಂಗಿನ ನನ್ನ ಬಿಲ್ಲೆಯನ್ನು ಹೊರತೆಗೆದೆನು. ಅಜ್ಜಿಯು ಒಂದು ಚೂರನ್ನು ಮುರಿದು ಕುದಿನೀರು ಹೊಯ್ದರು. ಒಂದು ಸಲ, ಎರಡು ಸಲ, ಐದು ಸಲ. ಐದನೆಯದಕ್ಕೆ ಅದು ಬಿಸಿನೀರಾಯಿತು. ಅವರು ಬಸಿದ ಎಲೆಯನ್ನು ಅಂಗೈಯಲ್ಲಿ ಬಿಡಿಸಿ, ದೀಪಕ್ಕೆ ಹಿಡಿದು ನೋಡಿ, ಏನೂ ಹೇಳದೆ ನನ್ನ ಬಟ್ಟಲಿಗೆ ತಮ್ಮ ಚಹವನ್ನೇ ಮತ್ತೆ ತುಂಬಿದರು. ಅವರ ಎಲೆಯು ಹನ್ನೆರಡನೆಯ ಸಲವೂ ಸಿಹಿಯನ್ನು ಕೊಡುತ್ತಿದ್ದಿತು. “ನಿಮ್ಮದು ಕೆಟ್ಟ ಚಹವಲ್ಲ, ಬಿಸಿಲಿನಲ್ಲಿ ಬೆಳೆದ ಎಳೆಯ ಗಿಡದ್ದು. ಹೇಳಿ ಮಾರಿದ್ದರೆ ಸರಿಯಾಗುತ್ತಿತ್ತು” ಎಂದು ಕೊನೆಗೆ ಮೊಮ್ಮಗಳ ಬಾಯಿಂದ ಹೇಳಿಸಿದರು. ನನಗೆ ಹೋದ ಹಣಕ್ಕಿಂತ ಆ ಮರ್ಯಾದೆಯ ಮಾತು ಹೆಚ್ಚು ನಾಟಿತು.

ಮೋಸಕ್ಕೆ ಇಷ್ಟು ಆಸ್ಪದ ಬಂದುದು ಹೇಗೆ? ಅಜ್ಜಿ ಮದುವೆಯಾಗಿ ಬಂದ ಕಾಲದಲ್ಲಿ ಮುದಿಮರದ ಎಲೆಯನ್ನು ಕೇಳುವವರೇ ಇರಲಿಲ್ಲವಂತೆ. ಕಹಿ ಹೆಚ್ಚು, ಏರಿ ಕೊಯ್ಯುವುದು ಕಷ್ಟ, ಇಳುವರಿ ಕಡಮೆ. ಯುನ್ನಾನಿನಲ್ಲೆಲ್ಲ ಬೆಟ್ಟಗಳನ್ನು ಮೆಟ್ಟಿಲು ಕಡಿದು ಸಾಲುಗಿಡಗಳನ್ನು ನೆಡಿಸಿದ ಕಾಲವದು. ಕೆಲವು ಕಡೆ ಹಳೆಯ ಮರಗಳನ್ನು ಚಿಗುರು ಹೆಚ್ಚಲೆಂದು ಸೊಂಟದೆತ್ತರಕ್ಕೆ ಕಡಿದರು. ಸಾಲುಗಿಡದ ಎಲೆಗೇ ಒಳ್ಳೆಯ ಕ್ರಯ. ಮರದ ಎಲೆಗೆ ಕೀಳು ಕ್ರಯ. “ನಾನು ಬುಟ್ಟಿ ಹೊತ್ತು ಹೋಗಿ, ಹೊತ್ತೇ ಹಿಂದಿರುಗಿದ ದಿನಗಳುಂಟು. ಕಡಿದು ಸೌದೆ ಮಾಡೋಣವೆಂದರೆ ನಮ್ಮತ್ತೆಯವರು, ಅವು ನಮ್ಮನ್ನು ಅನ್ನ ಕೇಳುತ್ತವೆಯೆ, ಇರಲಿ ಬಿಡು ಎಂದರು” ಎಂದರು ಅಜ್ಜಿ.

ತರುವಾಯ ಕಾಲಚಕ್ರ ತಿರುಗಿತು. ಹಾಂಗ್‌ಕಾಂಗಿನ ಉಗ್ರಾಣಗಳಲ್ಲಿ ಹಳತಾದ ಪುಅರ್ ಬಿಲ್ಲೆಗಳ ರುಚಿಯನ್ನು 1990ರ ದಶಕದಲ್ಲಿ ತೈವಾನಿನ ರಸಿಕರು ಕೊಂಡಾಡಿದರು. ಅವರು ಯುನ್ನಾನಿನ ಬೆಟ್ಟಗಳಿಗೆ ಬಂದು ಹಳೆಯ ಮರಗಳನ್ನು ಹುಡುಕತೊಡಗಿದರು. ಕೆಲವೇ ವರುಷಗಳಲ್ಲಿ ಬೆಲೆಯು ಆಕಾಶಕ್ಕೇರಿತು. ಚಹವನ್ನು ಕುಡಿಯುವವರಿಗಿಂತ ಕೂಡಿಟ್ಟು ಮಾರುವವರು ಹೆಚ್ಚಾದರು. 2007ರಲ್ಲಿ ಗುಳ್ಳೆ ಒಡೆದು, ಸಾಲ ಮಾಡಿ ಕೊಂಡವರು ಬೀದಿಗೆ ಬಿದ್ದರು. ಆದರೂ ಮುದಿಮರದ ಎಲೆಯ ಬೆಲೆ ಮತ್ತೆ ಚೇತರಿಸಿಕೊಂಡಿತು. ಹೆಸರಾದ ಕೆಲವು ಹಳ್ಳಿಗಳ ಹೆಸರನ್ನು ಆ ಬೆಟ್ಟವನ್ನೇ ಕಾಣದ ಎಲೆಯೂ ಹೊತ್ತು ತಿರುಗುವಂತಾಯಿತು. ಇದಕ್ಕೆ ಅಂಜಿ ಜಿಂಗ್‌ಮೈಯವರು, ಹೊರಗಿನ ಎಲೆಯನ್ನು ಬೆಟ್ಟಕ್ಕೆ ತರಕೂಡದೆಂದು ಕಟ್ಟಳೆ ಮಾಡಿಕೊಂಡಿರುವರು.

ಬೆಲೆಯು ಕಾಡನ್ನು ಉಳಿಸಿತು, ನಿಜ. ಅದೇ ಬೆಲೆ ಕಾಡಿಗೆ ಕಂಟಕವೂ ಆದೀತು. ಮಳೆಗಾಲದಲ್ಲಿ ಮರಕ್ಕೆ ಬಿಡುವು ಕೊಡದೆ ಕೊಯ್ದರೆ ಮರ ಸೊರಗುವುದು. ಆ ರಾತ್ರಿ ಒಲೆಯ ಬಳಿಯಲ್ಲಿಯೇ ಈ ತೊಡಕು ನಮ್ಮ ಕಣ್ಣೆದುರಿಗೆ ಬಂದಿತು. ಕೆಳಗಿನ ಊರಿನ ವರ್ತಕನೊಬ್ಬನು ಅವರ ಪಾಲಿನ ಮರಗಳನ್ನೆಲ್ಲ ಮೂವತ್ತು ವರುಷಕ್ಕೆ ಗುತ್ತಿಗೆಗೆ ಕೇಳಿದ್ದನು; ಹಣವನ್ನು ಒಟ್ಟಿಗೆ ಕೊಡುವನಂತೆ. ಮಗನಿಗೆ ಮನಸ್ಸಿದ್ದಿತು. “ಮರ ಉಳಿಯಿತು, ಸರಿ. ಮರದ ಕೆಳಗಿನವರೂ ಉಳಿಯಬೇಡವೆ, ಅಮ್ಮ? ಇವಳ ತಮ್ಮನ ಓದಿದೆ, ಮಾಡು ಸೋರುತ್ತಿದೆ” ಎಂದನು. ಮೊಮ್ಮಗಳು ದನಿಯನ್ನು ತಗ್ಗಿಸಿ ಇಬ್ಬರ ಮಾತನ್ನೂ ನಮಗೆ ತಿಳಿಸುತ್ತಿದ್ದಳು. ಅಜ್ಜಿ ಬಹಳ ಹೊತ್ತು ಒಲೆಯನ್ನು ಕೆದಕಿದರು. ಆಮೇಲೆ, “ನನ್ನ ಕಾಲದ ಎಲೆ ನನ್ನದು, ಮಾರಿದರೆ ಯಾರೂ ಕೇಳುವಂತಿಲ್ಲ. ಮೂವತ್ತು ವರುಷದ ಮುಂದಿನ ಎಲೆ ನನ್ನದಲ್ಲ. ನನ್ನದಲ್ಲದ್ದನ್ನು ನಾನು ಹೇಗೆ ಮಾರಲಿ?” ಎಂದರು. ಮಗನು ಉತ್ತರ ಕೊಡಲಿಲ್ಲ. ಮರುದಿನ ಬೆಳಗ್ಗೆ ವರ್ತಕನು ಬಂದಾಗ ಅವನೇ ಮುಂದಾಗಿ, ಈ ವಸಂತದ ಎಲೆಯನ್ನು ಮಾತ್ರ ಕೊಡುವೆನೆಂದೂ, ಗುತ್ತಿಗೆಯ ಮಾತು ಬೇಡವೆಂದೂ ಹೇಳಿದನು. ಅಪ್ಪ ನೆಟ್ಟ ಆಲದ ಮರವೆಂದು ನೇಣು ಹಾಕಿಕೊಳ್ಳಬಾರದೆಂದು ನಮ್ಮಲ್ಲಿ ಗಾದೆಯುಂಟು. ಆ ಮಾತು ಸುಳ್ಳಲ್ಲ. ಆದರೆ ಅಪ್ಪ ನೆಟ್ಟ ಮರವನ್ನು ಮಗನ ಹೆಸರಿನಲ್ಲಿ ಕಾಯುವುದು ಬೇರೆ ಮಾತೆಂಬುದನ್ನು ಅಲ್ಲಿ ಕಂಡೆನು.

ಗೃಹಿಣಿಯರ ಉಪಯೋಗಕ್ಕಾಗಿ ಎರಡು ಮಾತು. ಈ ಚಹಕ್ಕೆ ಹಾಲೂ ಸಕ್ಕರೆಯೂ ಸಲ್ಲವು. ಒಂದು ಸಣ್ಣ ಪಾತ್ರೆಗೆ ಆರೇಳು ಗ್ರಾಂ ಎಲೆ ಸಾಕು. ಮೊದಲು ಕುದಿನೀರು ಹೊಯ್ದು ಆ ನೀರನ್ನು ಚೆಲ್ಲಿ, ಬಳಿಕ ಕ್ಷಣಹೊತ್ತು ನೆನೆಸಿ ಬಸಿಯಬೇಕು. ಹೊತ್ತು ಮೀರಿದರೆ ಕಹಿ ಏರುವುದು. ಹೊಸ ಚಹ ತೀಕ್ಷ್ಣವಾದುದು. ಬರಿಯ ಹೊಟ್ಟೆಯಲ್ಲಿಯೂ ಮಲಗುವ ಮುನ್ನವೂ ಬೇಡ. ಹಳೆಯ ಅಕ್ಕಿಯನ್ನು, ಹಳೆಯ ಹುಣಿಸೆಹಣ್ಣನ್ನು ಮೆಚ್ಚುವ ನಮಗೆ ಚಹವನ್ನು ಹಳತು ಮಾಡುವುದು ಹೊಸ ಪಾಠವಲ್ಲ. ಬಿಸಿಲು ಬೀಳದ, ಗಾಳಿಯಾಡುವ ಸ್ಥಳದಲ್ಲಿ, ಇಂಗು ಮೆಣಸುಗಳ ವಾಸನೆಯಿಂದ ದೂರವಾಗಿ ಇಡಬೇಕು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ನೋಡಿಕೊಳ್ಳಬೇಕು. ಅಂದಹಾಗೆ, ಅಸ್ಸಾಮಿನಲ್ಲಿ ಬೆಳೆಯುವ ದೊಡ್ಡೆಲೆಯ ಚಹವೂ ಈ ಮರಗಳೂ ಸಸ್ಯಶಾಸ್ತ್ರದ ಪ್ರಕಾರ ಒಂದೇ ಪ್ರಭೇದಕ್ಕೆ ಸೇರಿದವು. ನಮ್ಮ ಡಬ್ಬಿಯಲ್ಲಿರುವ ಅಸ್ಸಾಮಿನ ಪುಡಿಯು ಆ ಮುದಿಮರಗಳ ದಾಯಾದಿಯೇ.

ಹೊರಡುವಾಗ ಅಜ್ಜಿಯು ಒಂದು ಬಿಲ್ಲೆಯನ್ನು ನನ್ನ ಮಡದಿಯ ಕೈಗಿತ್ತರು. ಹಣವನ್ನು ಮುಟ್ಟಲಿಲ್ಲ. ಅದಕ್ಕೆ ಹೆಸರೂ ಇಲ್ಲ, ಅಂಕಿಯೂ ಇಲ್ಲ; ಸುತ್ತಿದುದು ಬರಿಯ ಬಿಳಿಯ ಕಾಗದ. ಮನೆಗೆ ಬಂದ ಮೇಲೆ ನನ್ನ ಮಡದಿಯು ಆ ಕಾಗದದ ಮೇಲೆ ನಮ್ಮ ಎರಡು ವರುಷದ ಮೊಮ್ಮಗಳ ಹೆಸರನ್ನು ಬರೆದು ಅಟ್ಟದ ಮೇಲಿಟ್ಟಳು. ಕುನ್‌ಮಿಂಗಿನ ಬಿಲ್ಲೆಯನ್ನು ನಾವಿಬ್ಬರೂ ದಿನವೂ ಸಂಜೆ ಕುಡಿಯುತ್ತಿದ್ದೇವೆ. ಅಜ್ಜಿ ಹೇಳಿದಂತೆ ಅದು ಕೆಟ್ಟ ಚಹವೇನೂ ಅಲ್ಲ.